ಅಕ್ಷರ ತುಳಿಯುವ ದೀಪದ ಸನ್ನಿಧಾನಕ್ಕೆ

ಮಹಾರಾಜರಾಜಶ್ರೀ ಮೇಜುದೀಪದವರಿಗೆ, ಚಂದ್ರನ ತುದಿಯಲ್ಲಿ ಕೂತು ಗಾಳ ಹಾಕುವ ಚಿರಂಜೀವಿಗೆ, ಬಾಣಬಿರುಸಿನ ಕೋಟೆಯ ಒಡೆಯರಿಗೆ ಮತ್ತು ನೀಲಿ ಪರದೆಯ ಮೇಲೆ ಸುಮ್ಮನೆ ನಿಂತಿರುವ ಟೊಟೊರೊ ಅವರಿಗೆ, ಪೆರಿಯಕುಳಂನ ಅಜ್ಜಿಯೊಬ್ಬಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ನಾವೆಲ್ಲ ಕ್ಷೇಮ, ಮಾವಿನ ತೋಪುಗಳೂ ಕ್ಷೇಮ. ತಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ತಮ್ಮ ಯಾವ ಚಿತ್ರ ಎಷ್ಟು ಸಾವಿರ ಕೋಟಿ ಬಾಚಿತು ಎಂಬುದು ಇಲ್ಲಿಯ ಟೀ ಅಂಗಡಿಯ ಪೇಪರಿನಲ್ಲೇ ಸಿಗುತ್ತದೆ. ತಮ್ಮನ್ನು ಪಿಕ್ಸಾರ್, ಡ್ರೀಮ್‌ವರ್ಕ್ಸ್, ಡಿಸ್ನಿ, ಘಿಬ್ಲಿ ಎಂದು ಕರೆಯುವುದು ಮೊಮ್ಮಕ್ಕಳ ಪದ್ಧತಿ. ನಾನು ದೊಡ್ಡವರ ಹೆಸರು ಹಿಡಿದು ಕರೆದು ಬೆಳೆದವಳಲ್ಲ. ಆದ್ದರಿಂದ ತಮ್ಮ ಲಾಂಛನಗಳಿಗೇ ಕೈಮುಗಿದು ಬರೆಯುತ್ತಿದ್ದೇನೆ.

ನಾನೂ ತಮ್ಮ ಕಸುಬಿನವಳೇ. ಕೊಡೈಕಾನಲ್ ಬೆಟ್ಟದ ಬುಡದ ಈ ಊರಿನಲ್ಲಿ ಒಂದು ಸಣ್ಣ ಕತೆಯ ಕಾರ್ಖಾನೆ ನಡೆಸುತ್ತೇನೆ. ರಾತ್ರಿ ಊಟವಾದ ಮೇಲೆ ಬಾಗಿಲು ತೆಗೆದರೆ ಮಗು ನಿದ್ದೆಹೋದ ಕೂಡಲೇ ಮುಚ್ಚುತ್ತೇನೆ. ನಿರ್ದೇಶಕಿ ನಾನೇ, ಹುಲಿಯ ದನಿಯೂ ನಾನೇ, ಕರುವಿನ ದನಿಯೂ ನಾನೇ. ಈ ತೇನಿ, ಬೋಡಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ಕನ್ನಡದ ಮನೆಗಳು ತಲೆತಲಾಂತರದಿಂದ ಇವೆ: ಒಕ್ಕಲಿಗರು, ಅನುಪ್ಪರು, ದೇವಾಂಗದವರು. ಓದುಬರಹ ತಮಿಳು, ಬೈಗುಳ ಮತ್ತು ಜೋಗುಳ ಕನ್ನಡ. ನಾನು ಮೈಸೂರು ಕಡೆಯಿಂದ ಸೊಸೆಯಾಗಿ ಬಂದವಳಾದ್ದರಿಂದ ಬರೆಯಲೂ ಬಲ್ಲೆ. ಆ ಒಂದೇ ಅರ್ಹತೆಯ ಮೇಲೆ, ಕಣಿವೆಯ ಎಲ್ಲ ಅಜ್ಜಿಯರ ಪರವಾಗಿ ಈ ಬಿನ್ನವತ್ತಳೆ.

ಸಂಗತಿ ಇಷ್ಟು. ರಜೆಗೆ ಬಂದ ಬೆಂಗಳೂರಿನ ಮೊಮ್ಮಗನಿಗೂ ಇಲ್ಲಿಯ ಮೊಮ್ಮಗಳಿಗೂ ಜಗಳ ಹತ್ತಿತು, ಕತೆ ಹೇಳುವುದರಲ್ಲಿ ತಮ್ಮ ನಾಲ್ವರಲ್ಲಿ ಯಾರು ಹೆಚ್ಚೆಂದು. ಅವನು ದೀಪದ ಪಕ್ಷ, ಅವಳು ಚಂದ್ರನ ಹುಡುಗನ ಪಕ್ಷ. ತೀರ್ಪು ನನ್ನ ತಲೆಗೆ ಬಂತು. ನನಗೆ ಗೊತ್ತಿರುವುದು ಒಂದೇ ಪರೀಕ್ಷೆ. ಟಿವಿ ಆರಿಸಬೇಕು, ದೀಪ ಆರಿಸಬೇಕು, ಆ ಕತೆಯನ್ನು ಬಾಯಲ್ಲಿ ಹೇಳಬೇಕು, ಕೇಳುವವರು ಹೂಂಗುಟ್ಟಬೇಕು. ಹೂಂ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಕತೆಯ ಉಸಿರು ನಿಂತಂತೆ. ತಮ್ಮಂಥ ಮಹನೀಯರನ್ನು ಇಂಥ ಹಳ್ಳಿಯ ತಕ್ಕಡಿಯಲ್ಲಿ ತೂಗಿದ್ದಕ್ಕೆ ತಾವು ಬೇಸರ ಮಾಡಿಕೊಳ್ಳಲಾರಿರಿ ಎಂದು ನಂಬಿದ್ದೇನೆ. ತಮ್ಮ ಹತ್ತಿರ ಆಸ್ಕರ್ ಇವೆಯಲ್ಲ.

ಮೊದಲ ಬಿನ್ನಹ ಮೇಜುದೀಪದವರಲ್ಲಿ. ತಾವು 1986ರ ಒಂದು ಪುಟ್ಟ ಚಿತ್ರದಲ್ಲಿ ಚೆಂಡಿನೊಡನೆ ಆಡಿ ಲೋಕಕ್ಕೆ ಪರಿಚಯವಾದಿರಿ. ಒಂದು ದೊಡ್ಡ ದೀಪ, ಒಂದು ಮರಿದೀಪ. ಕಣ್ಣಿಲ್ಲ, ಬಾಯಿಲ್ಲ, ಆದರೂ ನೋಡಿದವರಿಗೆಲ್ಲ ಇದು ಹೆತ್ತವರು, ಇದು ಮಗು ಎಂದು ಗೊತ್ತಾಯಿತು. ಅಂಥ ಜಾಣ್ಮೆಗೆ ಅಡ್ಡಬಿದ್ದೆ. ಆದರೆ ಆಮೇಲೆ ಕಲಿತ ಚಾಳಿ ಯಾವುದು ಸ್ವಾಮಿ? ಪ್ರತಿ ಸಿನಿಮಾದ ಮೊದಲಿಗೂ ಪುಟಪುಟ ನೆಗೆಯುತ್ತ ಬಂದು ತಮ್ಮದೇ ಹೆಸರಿನ ಎರಡನೆಯ ಅಕ್ಷರದ ಮೇಲೆ ಹತ್ತಿ, ಕುಣಿದು, ಅದನ್ನು ನೆಲಕ್ಕೆ ತುಳಿದು, ಎಂಥಾ ಕೆಲಸ ಮಾಡಿದೆ ನೋಡಿ ಎಂಬಂತೆ ನಮ್ಮ ಕಡೆ ತಿರುಗುತ್ತೀರಿ. ನಮ್ಮ ಮನೆಗಳಲ್ಲಿ ಕಾಗದದ ಚೂರಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ತೊಗಲುಗೊಂಬೆಯಾಟದಲ್ಲೂ ದೀಪ ಇರುತ್ತದೆ, ಪರದೆಯ ಹಿಂದೆ, ಗೊಂಬೆಗಳಿಗೆ ಬೆಳಕು ಕೊಟ್ಟುಕೊಂಡು. ಅದು ಮುಂದೆ ಬಂದು ಕುಣಿದದ್ದನ್ನು ಯಾರೂ ನೋಡಿಲ್ಲ.

ಹಾಗೆಂದು ತಮ್ಮ ವಿದ್ಯೆಯನ್ನು ಅಲ್ಲಗಳೆಯುವ ಪಾಪಕ್ಕೆ ನಾನು ಹೋಗುವುದಿಲ್ಲ. 1995ರ ‘ಟಾಯ್ ಸ್ಟೋರಿ’ ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ದೊಡ್ಡ ಚಿತ್ರವಂತೆ. ಕಂಪ್ಯೂಟರು ನನಗೆ ಮುಖ್ಯವಲ್ಲ. ಹೊಸ ಬೊಂಬೆ ಬಂದಾಗ ಹಳೆಯ ಬೊಂಬೆಗೆ ಹೊಟ್ಟೆಕಿಚ್ಚು ಬರುತ್ತದಲ್ಲ, ಅದು ಮುಖ್ಯ. ತಮ್ಮ ಕಾಗದಪತ್ರಗಳ ಪ್ರಕಾರ ಆ ಹಳೆಯ ಬೊಂಬೆ ಮೊದಮೊದಲು ಎಂಥ ದುಷ್ಟನಾಗಿದ್ದನೆಂದರೆ, 1993ರಲ್ಲಿ ತೋರಿಸಿದಾಗ ಕೋಟೆಯೊಡೆಯರೇ ಕೆಲಸ ನಿಲ್ಲಿಸಿಬಿಟ್ಟರಂತೆ. ತಾವು ಹಿಂದಕ್ಕೆ ಹೋಗಿ ಅವನನ್ನು ತಿದ್ದಿ ತಂದಿರಿ. ಕೇಳುವವರ ಮುಖ ನೋಡಿ ಕತೆ ತಿದ್ದುವುದು ನಮ್ಮ ಕುಲವಿದ್ಯೆ. ಒಂದೇ ವ್ಯತ್ಯಾಸ: ನಾವು ದಿನಾ ರಾತ್ರಿ ತಿದ್ದುತ್ತೇವೆ, ತಾವು ಒಮ್ಮೆ ತಿದ್ದಿ ಬೀಗ ಹಾಕುತ್ತೀರಿ. ನಾನು ‘ನೀಮೋ’ ಹೇಳುವಾಗ ಒಂದು ಮಾತು ಹೆಚ್ಚುಕಮ್ಮಿಯಾದರೂ ಬೆಂಗಳೂರಿನವನ ನ್ಯಾಯಾಲಯ ಸೇರುತ್ತದೆ. ‘ಅಜ್ಜೀ, ಅದು ಹಾಗಿಲ್ಲ!’ ನನ್ನ ಕತೆಗೆ ಅವನು ಹೂಂ ಎನ್ನುತ್ತಿದ್ದ. ತಮ್ಮ ಕತೆಗೆ ತಿದ್ದುಪಡಿ ಕೊಡುತ್ತಾನೆ.

ಇನ್ನು ಇರುವೆಯ ವಿಚಾರ. ಚಿರಂಜೀವಿ ಗಾಳದ ಮಗುವೇ, ನೀನು ಹುಟ್ಟಿದ ಕತೆ ನನಗೆ ಗೊತ್ತು. ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಎಂಬುವರು ಕೋಟೆಯೊಡೆಯರ ಆಸ್ಥಾನದಿಂದ ಮುನಿಸಿಕೊಂಡು 1994ರಲ್ಲಿ ಹೊರಬಿದ್ದು, ಸ್ಟೀವನ್ ಸ್ಪಿಲ್‌ಬರ್ಗ್ ಮತ್ತು ಡೇವಿಡ್ ಗೆಫೆನ್ ಜೊತೆ ಸೇರಿ ನಿನ್ನನ್ನು ಚಂದ್ರನ ಮೇಲೆ ಕೂರಿಸಿದರು. ಪಾಲಾದ ಮೇಲೆ ಅಣ್ಣತಮ್ಮಂದಿರು ಒಂದೇ ಬಾವಿಗೆ ಕೊಡ ಇಳಿಸುವುದು ಎಲ್ಲ ಊರಿನಲ್ಲೂ ಇದೆ. 1998ರ ಅಕ್ಟೋಬರಿನಲ್ಲಿ ನಿನ್ನ ‘ಆ್ಯಂಟ್ಸ್’ ಬಂತು, ನವೆಂಬರಿನಲ್ಲಿ ದೀಪದವರ ‘ಎ ಬಗ್ಸ್ ಲೈಫ್’ ಬಂತು. ಅದರಲ್ಲೂ ಗೂಡಿನವರ ಜೊತೆ ಹೊಂದದ ಒಂದು ಇರುವೆ, ಇದರಲ್ಲೂ ಹೊಂದದ ಒಂದು ಇರುವೆ. ಅದಕ್ಕೂ ಒಬ್ಬ ರಾಜಕುಮಾರಿ, ಇದಕ್ಕೂ ಒಬ್ಬ ರಾಜಕುಮಾರಿ. ಯಾರದನ್ನು ಯಾರು ಕದ್ದರೆಂದು ದೊಡ್ಡವರು ವರ್ಷಗಟ್ಟಲೆ ಮುಖ ಊದಿಸಿಕೊಂಡರಂತೆ. ನನಗೆ ಮಹದಾನಂದವಾಯಿತು. ನಮ್ಮ ಬೀದಿಯಲ್ಲಿ ಒಂದೇ ಕಾಗಕ್ಕ ಗುಬ್ಬಕ್ಕನ ಕತೆಯನ್ನು ಪ್ರತಿ ಮನೆಯಲ್ಲೂ ಒಂದೊಂದು ಥರ ಹೇಳುತ್ತಾರೆ. ಕದ್ದರೆಂದು ಯಾರೂ ಮಾತು ಬಿಟ್ಟದ್ದಿಲ್ಲ. ಅಷ್ಟು ದೊಡ್ಡವರಾಗಿಯೂ ಇರುವೆಯೊಂದಕ್ಕೆ ಜಗಳವಾಡಬಲ್ಲಿರೆಂದು ತೋರಿಸಿಕೊಟ್ಟಿದ್ದಕ್ಕೆ ಕೃತಜ್ಞಳು.

ಈಗ ಕೋಟೆಯೊಡೆಯರ ಪಾದಕ್ಕೆ. ತಾವು ಹಿರಿಯರು, 1937ರ ‘ಸ್ನೋ ವೈಟ್’ ಕಾಲದಿಂದ ಮಕ್ಕಳಿಗೆ ಕತೆ ಹೇಳುತ್ತಿರುವವರು. ತಮ್ಮಿಂದ ಕಲಿತದ್ದು ಬಹಳ, ಮುಖ್ಯವಾಗಿ ಹೆತ್ತವರನ್ನು ಬೇಗ ಮುಗಿಸುವ ಕಲೆ. 1942ರಲ್ಲಿ ಜಿಂಕೆಮರಿಯ ತಾಯಿಗೆ ಗುಂಡು ಹೊಡೆಸಿದಿರಿ. 1994ರಲ್ಲಿ ಸಿಂಹದ ಮರಿಯ ಅಪ್ಪನನ್ನು ಕಾಡೆಮ್ಮೆಗಳಂಥ ಪ್ರಾಣಿಗಳ ಹಿಂಡಿನಲ್ಲಿ ತುಳಿಸಿದಿರಿ. 2013ರಲ್ಲಿ ಅಕ್ಕತಂಗಿಯರ ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಹಡಗಿನಲ್ಲಿ ಮುಳುಗಿಸಿದಿರಿ. ತಮ್ಮ ಶಿಷ್ಯವೃಂದವೂ ಏನೂ ಕಡಿಮೆಯಿಲ್ಲ: ದೀಪದವರು ‘ನೀಮೋ’ದಲ್ಲಿ ಚಿತ್ರದ ಹೆಸರು ಬರುವ ಮೊದಲೇ ತಾಯಿಮೀನನ್ನೂ ಒಂದನ್ನುಳಿದು ಎಲ್ಲ ಮೊಟ್ಟೆಗಳನ್ನೂ ಮುಗಿಸಿದರು. ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು 2016ರ ‘ಮೊವಾನಾ’, ಏಕೆಂದರೆ ಅದರಲ್ಲಿ ಕತೆ ಹೇಳುವ ಅಜ್ಜಿಯನ್ನೇ ಸಾಯಿಸಿದ್ದೀರಿ. ಸತ್ತ ಮೇಲೆ ದೊಡ್ಡ ತೊರಕೆ ಮೀನಾಗಿ ಬಂದು ಮೊಮ್ಮಗಳಿಗೆ ದಾರಿ ತೋರಿಸುತ್ತಾಳೆ. ಇಲ್ಲಿ ಸಮುದ್ರವಿಲ್ಲ, ವರಾಹ ನದಿಯಲ್ಲಿ ಅಂಥ ಮೀನಿಗೆ ಆಗುವಷ್ಟು ನೀರೂ ಸದಾ ಇರುವುದಿಲ್ಲ. ನನ್ನ ಮುಂದಿನ ಜನ್ಮಕ್ಕೆ ಬೇರೆ ವ್ಯವಸ್ಥೆ ಮಾಡಬೇಕಾಗಿ ವಿನಂತಿ.

ಹೆತ್ತವರು ಹೋದ ಮೇಲೆ ಉಳಿಯುವ ನೆಂಟರಿಷ್ಟರ ಮಾನವನ್ನಾದರೂ ಕಾಯ್ದಿರೇ? ಮಲತಾಯಿ ಎಂದರೆ ಸೇಬಿಗೆ ವಿಷ ಹಾಕುವವಳು, ಚಿಕ್ಕಪ್ಪ ಎಂದರೆ ಅಣ್ಣನನ್ನು ಬಂಡೆಯಿಂದ ತಳ್ಳುವವನು. ನಮ್ಮ ಕಣಿವೆಯಲ್ಲಿ ಮಕ್ಕಳನ್ನು ರಜೆಗೆ ಚಿಕ್ಕಪ್ಪನ ಮನೆಗೆ ಕಳಿಸಬೇಕು ಸ್ವಾಮಿ. ಸ್ವಂತ ಅಪ್ಪನನ್ನು ಖಳನನ್ನಾಗಿ ಮಾಡುವ ಎದೆಗಾರಿಕೆಗೆ ಮಾತ್ರ ನಮ್ಮ ಪ್ರಹ್ಲಾದನೇ ಬೇಕಾಯಿತು. 2025ರಲ್ಲಿ ಅಶ್ವಿನ್ ಕುಮಾರ್ ನಿರ್ದೇಶಿಸಿ ಬೆಂಗಳೂರಿನ ಹೊಂಬಾಳೆಯವರು ಅರ್ಪಿಸಿದ ‘ಮಹಾವತಾರ ನರಸಿಂಹ’ವನ್ನು ಜನ ಮುಗಿಬಿದ್ದು ನೋಡಿದರು. ಚಿತ್ರದ ಕೆಲಸ ತಮ್ಮಷ್ಟು ನಯವಲ್ಲ, ಗದ್ದಲ ಸಾಕಷ್ಟು ಹೆಚ್ಚೇ. ಆದರೆ ‘ಅಪ್ಪನ ಮಾತು ತಪ್ಪಾಗಿದ್ದರೆ?’ ಎಂಬ ಪ್ರಶ್ನೆ ಕತ್ತಲೆಯಲ್ಲಿ ಹೇಳಿದರೂ ಮಗುವನ್ನು ಎದ್ದು ಕೂರಿಸುತ್ತದೆ. ಆ ಕತೆಯ ಮಟ್ಟಿಗೆ ನಾನು ಹೇಳಿ ಮುಗಿಸುವ ಮೊದಲೇ ಮೊಮ್ಮಗಳು ಕಂಬ ಒಡೆದಿದ್ದಳು.

ಚಿರಂಜೀವಿ, ನಿನ್ನ ‘ಶ್ರೆಕ್’ಗೆ ಬರೋಣ. 2001ರದು, ಅನಿಮೇಷನ್ ಚಿತ್ರಗಳಿಗೆಂದೇ ಇಟ್ಟ ಆಸ್ಕರನ್ನು ಮೊಟ್ಟಮೊದಲು ಗೆದ್ದದ್ದು. ಹಳೆಯ ರಾಜಕುಮಾರಿ ಕತೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಚೆನ್ನಾಗಿ ಗೇಲಿ ಮಾಡಿದ್ದೀಯೆ. ಕೋಟೆಯೊಡೆಯರ ಮೇಲಿನ ಹಳೇ ಸಿಟ್ಟೂ ತೀರಿತು, ದುಡ್ಡೂ ಬಂತು. ಒಂದು ಸಣ್ಣ ತೊಡಕು ಮಾತ್ರ ಉಳಿಯಿತು ಮಗು. ನಮ್ಮ ಮಕ್ಕಳಿಗೆ ಆ ಮೂಲ ಕತೆಗಳು ಗೊತ್ತೇ ಇರಲಿಲ್ಲ. ಅಣಕವೇ ಮೊದಲು ಬಂತು, ಅಣಕಿಸಿಕೊಂಡವರು ಆಮೇಲೆ. ಈಗ ನಾನು ‘ಒಂದೂರಲ್ಲಿ ಒಬ್ಬ ರಾಜಕುಮಾರಿ’ ಎಂದು ಶುರುಮಾಡಿದರೆ ಹೂಂ ಬದಲು ನಗು ಬರುತ್ತದೆ. ಕತೆ ಕೇಳುವ ಮೊದಲೇ ಕತೆಯನ್ನು ನಂಬಬಾರದೆಂದು ಕಲಿಸಿದ ಗುರು ನೀನು.

ಆದರೂ ನಿನ್ನ ಮೇಲೆ ನನಗೆ ಒಳಗೊಳಗೇ ಅಕ್ಕರೆ. 2008ರ ‘ಕುಂಗ್‌ಫು ಪಾಂಡಾ’ದಲ್ಲಿ ಹೆಬ್ಬಾತು ಅಪ್ಪನೊಬ್ಬನಿದ್ದಾನಲ್ಲ, ಶಾವಿಗೆ ಅಂಗಡಿಯವನು! ಮಗ ಕರಡಿ, ಅಪ್ಪ ಹಕ್ಕಿ. ಆ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ತನ್ನ ಗುಟ್ಟಿನ ಸಾರಿಗೆ ಹಾಕುವ ಗುಟ್ಟಿನ ಪದಾರ್ಥ ಯಾವುದೂ ಇಲ್ಲ ಎಂದು ಮಗನಿಗೆ ಹೇಳುವ ಆ ಗಳಿಗೆಯನ್ನು ಕತ್ತಲೆಯಲ್ಲಿ ಹೇಳಿದಾಗ ಮೊಮ್ಮಕ್ಕಳಿಬ್ಬರೂ ಒಟ್ಟಿಗೆ ಹೂಂ ಎಂದರು. ದಿಂಡಿಗಲ್ಲಿನ ಬಿರಿಯಾನಿ ಅಂಗಡಿಯವರು ಈ ಚಿತ್ರ ನೋಡದಿರಲಿ. ಪ್ರತಿಯೊಬ್ಬರೂ ತಾತನ ಕಾಲದ ಗುಟ್ಟಿನ ಮಸಾಲೆಯ ಮೇಲೆಯೇ ಬೋರ್ಡು ಬರೆಸಿದ್ದಾರೆ.

ದೀಪದವರ ಮೇಲೆ ಇನ್ನೂ ಒಂದು ದೂರಿದೆ, ಇದನ್ನು ದೂರೆನ್ನಲು ನಾಲಿಗೆ ಹೆದರುತ್ತದೆ. 2009ರ ‘ಅಪ್’ ಚಿತ್ರದ ಮೊದಲ ಭಾಗದಲ್ಲಿ ತಾವು ಮಾತೇ ಇಲ್ಲದೆ ಒಂದು ದಾಂಪತ್ಯವನ್ನು ತೋರಿಸಿದ್ದೀರಿ. ಮಾತಿಲ್ಲದ್ದನ್ನು ಬಾಯಲ್ಲಿ ಹೇಗೆ ಹೇಳುತ್ತೀ ಎಂದು ಮೊಮ್ಮಗ ಸವಾಲು ಹಾಕಿದ. ಹೇಳಿದೆ. ಮದುವೆಯಾದರು. ಹಳೇ ಮನೆ ರಿಪೇರಿ ಮಾಡಿಕೊಂಡರು. ಮಗು ಆಗಲಿಲ್ಲ. ದೂರದ ಊರಿಗೆ ಹೋಗೋಣವೆಂದು ಕಾಸು ಕೂಡಿಟ್ಟರು. ಗಾಡಿ ಕೆಟ್ಟಿತು, ಕಾಲು ಮುರಿಯಿತು, ಕಾಸು ಕರಗಿತು. ಮುದುಕರಾದರು. ಟಿಕೆಟ್ಟು ತಂದ ಹೊತ್ತಿಗೆ ಅವಳಿಗೆ ಕೈಲಾಗಲಿಲ್ಲ. ಹೋದಳು. ಮಕ್ಕಳು ಒಂದೊಂದಕ್ಕೂ ಹೂಂ ಎನ್ನುತ್ತ ನೆಮ್ಮದಿಯಾಗಿ ನಿದ್ದೆಹೋದರು. ಹೆತ್ತು ಹೊತ್ತವರಿಗೆ ಮಾತ್ರ ನಿದ್ದೆ ಕೆಡಿಸುವ ಕತೆಯನ್ನು ಮಕ್ಕಳ ಹೆಸರಿನಲ್ಲಿ ಮಾರುತ್ತೀರಲ್ಲ, ಇದು ಯಾವ ನ್ಯಾಯ? ತಾಯಿ ಮಗಳ ಜಗಳದ ‘ಬ್ರೇವ್’ ಚಿತ್ರದಲ್ಲಂತೂ, ತನ್ನ ಮಗಳನ್ನು ನೋಡಿಯೇ ಆ ಕತೆ ಹೆಣೆದ ಬ್ರೆಂಡಾ ಚಾಪ್‌ಮನ್ ಎಂಬ ತಾಯಿಯನ್ನು ನಡುವೆಯೇ ನಿರ್ದೇಶನದಿಂದ ಇಳಿಸಿದಿರಂತೆ. ಚಿತ್ರ 2012ರಲ್ಲಿ ಬಂತು, ಆಸ್ಕರ್ ಬಂದಾಗ ಆಕೆಯೂ ವೇದಿಕೆ ಹತ್ತಿದರು. ತಮ್ಮ ಔದಾರ್ಯಕ್ಕೆ ಎಣೆಯುಂಟೆ.

ಖಳರ ವಿಲೇವಾರಿಯ ಬಗ್ಗೆಯೂ ಅರಿಕೆ ಮಾಡಿಕೊಳ್ಳಬೇಕು. ಕೋಟೆಯೊಡೆಯರೇ, ತಮ್ಮ ಖಳರೆಲ್ಲ ಯಾಕೆ ಮೇಲಿಂದ ಬಿದ್ದೇ ಸಾಯುತ್ತಾರೆ? ಸ್ನೋ ವೈಟ್‌ಳ ಮಲತಾಯಿ ಬಂಡೆಯಿಂದ ಬಿದ್ದಳು, 1991ರ ಗ್ಯಾಸ್ಟನ್ ಅರಮನೆಯಿಂದ ಬಿದ್ದ, 1996ರ ಫ್ರೊಲ್ಲೊ ಚರ್ಚಿನಿಂದ ಬಿದ್ದ, 2010ರ ಗೊಥೆಲ್ ಗೋಪುರದಿಂದ ಬಿದ್ದಳು. ದೀಪದವರೂ ‘ಅಪ್’ನಲ್ಲಿ ತಮ್ಮವನನ್ನು ಆಕಾಶದಿಂದಲೇ ಬೀಳಿಸಿದರು. ನಾಯಕನ ಕೈಗೆ ರಕ್ತ ಅಂಟಬಾರದು, ಕೆಟ್ಟವನು ಉಳಿಯಲೂಬಾರದು; ಭೂಮಿಯ ಸೆಳೆತವೇ ಕೊಲೆ ಮಾಡಿಬಿಡುತ್ತದೆ. ಬಹಳ ಅನುಕೂಲ. ನಮ್ಮ ಪುಣ್ಯಕೋಟಿಯ ಕತೆಯಲ್ಲೂ ಹುಲಿ ಸಾಯುತ್ತದೆ, ಅದೂ ನೆಗೆದೇ ಸಾಯುತ್ತದೆ. ಆದರೆ ಅದನ್ನು ಯಾರೂ ತಳ್ಳುವುದಿಲ್ಲ, ಕಾಲು ಜಾರುವುದಿಲ್ಲ. ಕೊಟ್ಟ ಮಾತಿಗೆ ಹಸು ತಿರುಗಿ ಬಂದದ್ದನ್ನು ನೋಡಿ, ನಾಚಿ, ತಾನೇ ಹಾರಿಕೊಳ್ಳುತ್ತದೆ. ಖಳನಿಗೂ ಒಂದು ಮನಸ್ಸು ಕೊಟ್ಟವನ ಹೆಸರು ಕೂಡ ಹಾಡಿನ ಜೊತೆ ಉಳಿದಿಲ್ಲ. ಅವನಿಗೆ ಯಾರೂ ಆಸ್ಕರ್ ಕೊಡಲಿಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳೂ ಅಳುತ್ತಾರೆ, ಅಷ್ಟೆ.

ಈ ಪುಣ್ಯಕೋಟಿಯನ್ನೂ ಒಬ್ಬರು ಅನಿಮೇಷನ್ ಮಾಡಿದರು. ಬೆಂಗಳೂರಿನ ರವಿಶಂಕರ್ ಜನರಿಂದ ಹಣ ಕೂಡಿಸಿ, ದೂರದೂರದ ಚಿತ್ರಗಾರರನ್ನು ಸೇರಿಸಿ ಮಾಡಿದ ಚಿತ್ರ, 2020ರಲ್ಲಿ ಬಂತು. ಅದಕ್ಕೆ ಸಂಗೀತ ನಮ್ಮ ಇಳಯರಾಜರದು, ಇದೇ ತೇನಿ ಜಿಲ್ಲೆಯ ಪಣ್ಣೈಪುರಂನವರದು. ಅವರು ಸಿನಿಮಾ ಸಂಗೀತದಲ್ಲಿ ಪಳಗಿದ್ದು ಕನ್ನಡ ಚಿತ್ರಗಳ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ. ತೇನಿ ಅಲ್ಲಿನಗರಂನ ಭಾರತಿರಾಜ ಸಿನಿಮಾ ಕಲಿಯುತ್ತ ದುಡಿದದ್ದು ನಮ್ಮ ಪುಟ್ಟಣ್ಣ ಕಣಗಾಲರ ಕೈಕೆಳಗೆ. ಈ ಕಣಿವೆಯ ಇಬ್ಬರು ಮಕ್ಕಳು ಕನ್ನಡದ ಗುರುಗಳ ಬಳಿ ಕಲಿತು 1977ರಲ್ಲಿ ‘16 ವಯದಿನಿಲೆ’ಯಲ್ಲಿ ಒಂದಾಗಿ ತಮಿಳು ಸಿನಿಮಾವನ್ನು ಸ್ಟುಡಿಯೋದಿಂದ ಹಳ್ಳಿಗೆ ಎಳೆದು ತಂದರು. ಇಷ್ಟೆಲ್ಲ ನೆಂಟಸ್ತಿಕೆ ಇದ್ದಮೇಲೆ ಕನ್ನಡದ ಹಸು ಕಣಿವೆಯ ಸಂಗೀತಕ್ಕೆ ಕನ್ನಡದಲ್ಲೇ ಮಾತಾಡೀತು ಎಂದು ಕಾದು ಕೂತೆ. ಚಿತ್ರ ಸಂಸ್ಕೃತದಲ್ಲಿತ್ತು. ದೇವಭಾಷೆಯ ಬಗ್ಗೆ ದೂರುವಷ್ಟು ಧೈರ್ಯ ನನಗಿಲ್ಲ. ಕರು ಮಾತ್ರ ತಾಯಿಯನ್ನು ಅಮ್ಮಾ ಎಂದು ಕರೆದಿದ್ದರೆ ನನ್ನ ಮೊಮ್ಮಗಳು ಹೂಂ ಎನ್ನುತ್ತಿದ್ದಳು.

ಭಾಷೆಯ ಮಾತು ಬಂತು. 2023ರಲ್ಲಿ ತಮ್ಮ ನಾಲ್ವರಿಗೂ ಸೇರದ ಬೇರೊಂದು ಸ್ಟುಡಿಯೋದವರು ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಚಿತ್ರವನ್ನು ಈ ದೇಶದಲ್ಲಿ ಹತ್ತು ಭಾಷೆಗಳಲ್ಲಿ ತೆರೆಗೆ ತಂದರು, ಕನ್ನಡವೂ ಅದರಲ್ಲಿತ್ತು. ಅದಕ್ಕೂ ಮೊದಲು ನಮ್ಮ ಮಕ್ಕಳಿಗೆ ಸಿಕ್ಕಿದ್ದು ಚುಟ್ಟಿ ಟಿವಿಯ ತಮಿಳು ಡೋರಾ. ಡೋರಾ ಪ್ರಶ್ನೆ ಕೇಳುತ್ತಾಳೆ, ಕಣ್ಣು ಮಿಟುಕಿಸುತ್ತ ಕಾಯುತ್ತಾಳೆ, ಮಗು ಕೂಗಿ ಉತ್ತರ ಹೇಳುತ್ತದೆ, ಅವಳು ‘ಸರಿ’ ಎನ್ನುತ್ತಾಳೆ, ಮಗು ತಪ್ಪು ಹೇಳಿದರೂ. ಹೂಂಗುಟ್ಟಿಸಿಕೊಂಡು, ಹೂಂ ಕೇಳಿಸಿಕೊಳ್ಳದವಳು. ಇದರಲ್ಲಿ ದೋಷವೆಲ್ಲ ಹೊರಗಿನವರದೆಂದು ನಾನು ಹೇಳುವುದಿಲ್ಲ. ಕರ್ನಾಟಕದಲ್ಲೇ ದಶಕಗಟ್ಟಲೆ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ಚಿತ್ರರಂಗದ ದೊಡ್ಡವರು ಬಾಗಿಲು ಹಾಕಿಕೊಂಡು ಕೂತಿದ್ದರು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದಿತು. ಭಾಷೆ ಕಾಯಲು ಹಾಕಿದ ಆ ಬೀಗದ ಒಳಗೆ ಮಕ್ಕಳೇ ಇರಲಿಲ್ಲ, ಅವರು ಪಕ್ಕದ ಮನೆಯ ಟಿವಿಯಲ್ಲಿ ತಮಿಳಿನಲ್ಲೋ ಹಿಂದಿಯಲ್ಲೋ ಕತೆ ಕೇಳುತ್ತಿದ್ದರು.

ಕೋಟೆಯೊಡೆಯರ ಸಿಂಹದ ಬಗ್ಗೆ ಒಂದು ಸಣ್ಣ ಜಿಜ್ಞಾಸೆ ಬಾಕಿಯಿದೆ. ಸಿಂಬಾ ರಾಜನಾದದ್ದು ರಾಜನ ಮಗನೆಂದು. ಕಾಡಿನ ಪ್ರಾಣಿಗಳೆಲ್ಲ ಬಂದು ಕೂಸಿಗೆ ತಲೆಬಾಗುತ್ತವೆ. ನಮ್ಮ ಕಣಿವೆಯಲ್ಲಿ ಕಂಬಂನ ಒಕ್ಕಲಿಗರದೊಂದು ದೇವರ ಹಸುಗಳ ಹಿಂಡಿದೆ. ಆ ಹಿಂಡಿಗೂ ಒಂದು ಪಟ್ಟದ ಹೋರಿ. ಅದು ತೀರಿಕೊಂಡರೆ ಮಗನಿಗೆ ಪಟ್ಟವಿಲ್ಲ. ಹಿಂಡಿನ ಮುಂದೆ ಕಬ್ಬಿನ ಹೊರೆ ಇಟ್ಟು ಪೂಜೆ ಮಾಡಿ ಕಾಯುತ್ತಾರೆ; ಯಾವ ಹೋರಿ ಬಂದು ಆ ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ತಮ್ಮ ಬರಹಗಾರರು ಇದನ್ನು ಕೇಳಿದ್ದರೆ ಸ್ಕಾರ್ ಚಿಕ್ಕಪ್ಪ ಅಷ್ಟೆಲ್ಲ ಸಂಚು ಮಾಡಬೇಕಿರಲಿಲ್ಲ, ಕಬ್ಬು ತಿಂದಿದ್ದರೆ ಸಾಕಿತ್ತು.

ಟೊಟೊರೊ ಅವರೇ, ತಮ್ಮನ್ನು ಕೊನೆಗಿಟ್ಟದ್ದು ಮರೆತಲ್ಲ. ತಮ್ಮ ಬಗ್ಗೆ ದೂರು ಹುಡುಕುವುದೇ ಕಷ್ಟವಾಯಿತು. 1988ರ ತಮ್ಮ ಚಿತ್ರದಲ್ಲಿ ಖಳನಿಲ್ಲ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಸಾಯುವುದಿಲ್ಲ. ಅಕ್ಕತಂಗಿ ಮಳೆಯಲ್ಲಿ ಬಸ್ಸಿಗೆ ಕಾಯುತ್ತಾರೆ, ಪಕ್ಕದಲ್ಲಿ ತಾವು ಬಂದು ನಿಲ್ಲುತ್ತೀರಿ, ಕೊಡೆಯ ಮೇಲೆ ಹನಿ ಬೀಳುವುದನ್ನು ಕೇಳುತ್ತೀರಿ. ಇದನ್ನು ಕತ್ತಲೆಯಲ್ಲಿ ಹೇಳಿದಾಗ ಎರಡು ಮಾತಿನ ನಡುವೆ ಎಷ್ಟು ಬಿಡುವೆಂದರೆ, ಹೂಂ ಎಂದ ಮೇಲೂ ಮಕ್ಕಳು ಇನ್ನೊಂದು ಹೂಂ ಎಂದರು. ಕಳೆದುಹೋದ ತಂಗಿಯ ಕೈಯಲ್ಲಿ ಅಮ್ಮನಿಗೆಂದು ಕಿತ್ತ ಜೋಳದ ತೆನೆ ಇರುತ್ತದಲ್ಲ, ಜೋಳ ಬೆಳೆಯುವ ನಮ್ಮ ಕಡೆ ಅದಕ್ಕೆ ವಿವರಣೆ ಬೇಕಾಗಲಿಲ್ಲ. ಆದರೆ ಅದೇ ವರ್ಷ, ಅದೇ ದಿನ, ಒಂದೇ ಟಿಕೆಟ್ಟಿಗೆ ಜೊತೆಯಾಗಿ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ತೋರಿಸಿದಿರಂತೆ, ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯರು ಹಸಿವಿನಲ್ಲಿ ಸಾಯುವ ಕತೆ. ತಮ್ಮ ನಗುಮುಖ ನಂಬಿ ಮಕ್ಕಳನ್ನು ಕರೆತಂದ ಜಪಾನಿನ ಅಜ್ಜಿಯರಿಗೆ ಆ ಸಂಜೆ ಏನಾಗಿರಬೇಕು? ಅವರ ಪರವಾಗಿಯೂ ಇದೊಂದು ಸಾಲು ಇರಲಿ.

ತಾವು ಕರ್ಪೂರದ ಮರದ ಬುಡದಲ್ಲಿ ವಾಸ ಮಾಡುವವರು. ಆ ಹುಡುಗಿಯರ ಅಪ್ಪ ಮರಕ್ಕೆ ತಲೆಬಾಗಿ ನಮಸ್ಕಾರ ಹೇಳುತ್ತಾನೆ. ಆದ್ದರಿಂದ ನಮ್ಮತ್ತೆ ಹೇಳುತ್ತಿದ್ದ ಮರದ ಕತೆಯನ್ನು ತಮ್ಮ ಸಮಕ್ಷಮದಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಿಂದಿನವರು ತುಂಗಭದ್ರೆಯ ಕಡೆಯವರು. ಆಳುವವರ ಕಾಟ ತಾಳದೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊರಟರು. ಹಿಂದೆ ದಂಡು, ಮುಂದೆ ತುಂಬಿದ ಹೊಳೆ. ದಡದಲ್ಲೊಂದು ಹೊಂಗೆ ಮರ. ಮರ ಬಾಗಿತು, ತಲೆ ಆಚೆ ದಡಕ್ಕೆ ತಗುಲಿತು. ಅದರ ಮೇಲೆ ನಡೆದು ದಾಟಿದರು. ದಾಟಿದ ಮೇಲೆ ಮರ ಎದ್ದು ನಿಂತಿತು. ದಂಡು ಬಂದು ನೋಡಿದರೆ ಹೊಳೆ, ಮರ. ಮುಗಿಯಿತು. ಎಡ್ಗರ್ ಥರ್ಸ್ಟನ್ ಎಂಬ ದೊರೆ 1909ರಲ್ಲಿ ಅಚ್ಚು ಹಾಕಿಸಿದ ಸಂಪುಟಗಳಲ್ಲೂ ಈ ಕತೆಯಿದೆಯಂತೆ. ನಮ್ಮತ್ತೆ ಅವನಿಂದ ಕೇಳಿದ್ದಲ್ಲ.

ಚಿರಂಜೀವಿ, ನಿನಗೂ ಇಂಥದೇ ಒಂದು ಕತೆಯುಂಟು. 1998ರ ‘ದ ಪ್ರಿನ್ಸ್ ಆಫ್ ಈಜಿಪ್ಟ್’. ಹಿಂದೆ ಫೆರೋನ ದಂಡು, ಮುಂದೆ ಕಡಲು. ಕಡಲು ಸೀಳುತ್ತದೆ, ನೀರಿನ ಗೋಡೆಯ ಒಳಗೆ ದೊಡ್ಡ ಮೀನಿನ ನೆರಳು ಹಾಯುತ್ತದೆ. ನೀನು ಮಾಡಿದ್ದರಲ್ಲೆಲ್ಲ ಭವ್ಯವಾದದ್ದು ಅದೇ, ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಕಡಲು ಮುಚ್ಚಿಕೊಂಡು ದಂಡೆಲ್ಲ ಮುಳುಗಿತು. ನಮ್ಮ ಮರ ಯಾರನ್ನೂ ಮುಳುಗಿಸಲಿಲ್ಲ ಮಗು. ಎದ್ದು ನಿಂತಿತು, ಅಷ್ಟೆ. ಅಟ್ಟಿಸಿಕೊಂಡು ಬಂದವರೂ ತಮ್ಮ ತಮ್ಮ ಮನೆಗೆ ಹೋಗಿ ಉಂಡರು. ಕೋಟೆಯೊಡೆಯರ 1995ರ ‘ಪೊಕಾಹೊಂಟಾಸ್’ನಲ್ಲೂ ಅಜ್ಜಿ ಮರವೊಂದಿದೆ, ಮುಖವಿದೆ, ಹಾಡುತ್ತದೆ, ಪ್ರೀತಿ ಪ್ರೇಮದ ಬಗ್ಗೆ ಬುದ್ಧಿ ಹೇಳುತ್ತದೆ. ಹೊಂಗೆ ಒಂದು ಮಾತೂ ಆಡಲಿಲ್ಲ. ‘ಯಾಕೆ ಬಾಗಿತು ಅಜ್ಜಿ?’ ಎಂದು ಮೊಮ್ಮಗಳು ಕೇಳಿದಳು. ‘ನೀನು ಹೇಳು’ ಎಂದೆ. ಬೆಂಗಳೂರಿನವನೂ ಎದ್ದು ಕೂತ. ಆ ರಾತ್ರಿ ಅವರಿಬ್ಬರೂ ಹೇಳಿದ ಕಾರಣಗಳನ್ನೆಲ್ಲ ಬರೆದರೆ ತಮ್ಮ ಬರಹಗಾರರ ಮಂಡಳಿಗೆ ಕೆಲಸವಿರುವುದಿಲ್ಲ.

ತೀರ್ಪು ಕೇಳಿದ್ದಿರಲ್ಲ, ಕೇಳದಿದ್ದರೂ ಹೇಳುತ್ತೇನೆ. ಕತೆ ಕಟ್ಟುವುದರಲ್ಲಿ ದೀಪದವರ ಮುಂದೆ ಯಾರೂ ಇಲ್ಲ, ಒಂದು ಮೊಳೆ ಸಡಿಲವಿಲ್ಲ, ಮಗು ಬೆರಳು ತೂರಿಸುವಷ್ಟು ಸಂದೂ ಇಲ್ಲ. ಹಾಡಿಗೆ ಕೋಟೆಯವರು. ಅಪ್ಪಂದಿರಿಗೆ ಗಾಳದ ಹುಡುಗ. ಹೂಂ ಎನ್ನಲು ಜಾಗ ಬಿಟ್ಟವರು ಟೊಟೊರೊ ಒಬ್ಬರೇ. ಆದ್ದರಿಂದ ನನ್ನ ಮತ ಅವರಿಗೆ, ಎರಡನೆಯ ಸ್ಥಾನದ ಮತ. ಮೊದಲನೆಯದನ್ನು ನಮ್ಮತ್ತೆಗೆ ಕಾದಿರಿಸಿದ್ದೇನೆ.

ಇಷ್ಟು ಓದಿದ ಮೇಲೆ ತಮ್ಮಲ್ಲಿ ಯಾರಿಗಾದರೂ ಹೊಂಗೆ ಮರದ ಚಿತ್ರ ಮಾಡುವ ಮನಸ್ಸಾದರೆ ಧಾರಾಳವಾಗಿ ಮಾಡಿ. ಕೆಲವು ವಿನಮ್ರ ಷರತ್ತುಗಳಿವೆ. ಮರಕ್ಕೆ ಕಣ್ಣು ಬರೆಯಬಾರದು. ದಾಟುವವರ ಜೊತೆ ತಮಾಷೆಗೆಂದು ಮಾತಾಡುವ ಅಳಿಲನ್ನು ಕಳಿಸಬಾರದು. ದಂಡಿನ ಸರದಾರನನ್ನು ಹೊಳೆಗೆ ಬೀಳಿಸಬಾರದು. ‘ಹೊಂಗೆ 2’, ‘ಹೊಂಗೆ 3’ ಬೇಡ. ಮರ ಒಂದೇ ಸಲ ಬಾಗಿದ್ದು. ಕೋಟೆಯೊಡೆಯರು 2013ರಲ್ಲಿ ‘ಕೋಕೊ’ ಚಿತ್ರಕ್ಕೆಂದು ಮೆಕ್ಸಿಕೊದವರ ಪಿತೃಗಳ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿ, ಜನ ರೊಚ್ಚಿಗೆದ್ದ ಮೇಲೆ ಹಿಂತೆಗೆದುಕೊಂಡರು. ಹೊಂಗೆಯ ಹೆಸರಿಗೂ ಹಾಗೇನಾದರೂ ಅರ್ಜಿ ಹಾಕುವುದಿದ್ದರೆ, ಇಲ್ಲಿಯ ರಸ್ತೆಬದಿಯ ಹೊಂಗೆಗಳಿಗೆಲ್ಲ ಒಂದೊಂದು ನೋಟಿಸು ಅಂಟಿಸುವ ಖರ್ಚು ತಮ್ಮದೇ. ಸಂಭಾವನೆ ನನಗೇನೂ ಬೇಡ. ಮರ ಬಾಗಿದ ಮೇಲೆ ಸಂಗೀತ, ಮಾತು ಎಲ್ಲ ನಿಲ್ಲಿಸಿ, ಒಂದು ಮಗು ಹೂಂ ಎನ್ನುವಷ್ಟು ಹೊತ್ತು ಬಿಟ್ಟರೆ ಸಾಕು. ಟಿವಿಯಲ್ಲಿ ಬರುವಾಗ ಆ ಜಾಗಕ್ಕೆ ಜಾಹೀರಾತು ತುರುಕಬಾರದಾಗಿ ಪಾದ ಹಿಡಿದು ಬೇಡಿಕೊಳ್ಳುತ್ತೇನೆ.

ಇತಿ ತಮ್ಮ ವಿಧೇಯ ಪ್ರತಿಸ್ಪರ್ಧಿ,
ಒಬ್ಬ ಅಜ್ಜಿ, ಪೆರಿಯಕುಳಂ